ಡಿಎನ್‌ಎ ಹಾಕುವ ಮೊದಲೇ ಚುಕ್ಕೆ ಕಂಡರೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಡಿಎನ್‌ಎ ಅಣುಗಳನ್ನು ಗಾಜಿನ ಮೇಲೆ ಒಂದೊಂದಾಗಿ ಕೂರಿಸಿ, ಅವಕ್ಕೆ ಹಚ್ಚಿದ ಬಣ್ಣದ ಬೆಳಕಿನಿಂದ ಅವನ್ನು ನೋಡುವವರು ಕಳಿಸಿದ ಪ್ರಶ್ನೆಗಳು ಈ ಕಂತಿನಲ್ಲಿವೆ. ಹೆಚ್ಚಿನವು ಸುತ್ತಿ ಬಳಸಿ ಒಂದೇ ಕಡೆಗೆ ಬರುತ್ತವೆ: ತಪ್ಪು ಮೈಕ್ರೊಸ್ಕೋಪಿನದೋ, ರಾಸಾಯನಿಕದ ಬಾಟಲಿಯದೋ?

ಪ್ರಶ್ನೆ: ಟರ್ಫ್ ಮೈಕ್ರೊಸ್ಕೋಪಿನಲ್ಲಿ (ಗಾಜಿಗೆ ತಾಗಿದ ತೆಳು ಪದರವನ್ನಷ್ಟೇ ಬೆಳಗಿಸುವಂಥದು) ಸೈ-3 ಎಂಬ ಹೊಳೆಯುವ ಬಣ್ಣ ಹಚ್ಚಿದ ಡಿಎನ್‌ಎ ನೋಡುತ್ತೇವೆ. ಡಿಎನ್‌ಎ ಹಾಕದೆ ಬರೀ ಇಮೇಜಿಂಗ್ ಬಫರ್ (ನೋಡುವಾಗ ಗಾಜಿನ ಚೇಂಬರಿನಲ್ಲಿ ತುಂಬಿರುವ ದ್ರಾವಣ) ಒಳಬಿಟ್ಟರೂ ಒಂದು ಫೀಲ್ಡಿಗೆ, ಎಂದರೆ ಒಮ್ಮೆಗೆ ಕಾಣುವಷ್ಟು ಜಾಗಕ್ಕೆ, ಐವತ್ತು ಅರವತ್ತು ಚುಕ್ಕೆ ಕಾಣುತ್ತವೆ. ಬಾಟಲಿಗಳ ಮೇಲೆಲ್ಲ ಶೇ 99ಕ್ಕಿಂತ ಹೆಚ್ಚು ಶುದ್ಧ ಎಂದೇ ಬರೆದಿದೆ. ಇದು ಹೇಗೆ?

ಸಣ್ಣದೊಂದು ಲೆಕ್ಕ ಹಾಕಿ ನೋಡಿ. ನೀವು ಬಿಡುವ ಡಿಎನ್‌ಎ 20 ಪಿಕೊಮೋಲಾರ್ ಇರಬಹುದು. ಅದೇ ಬಫರಿನಲ್ಲಿ, ಬಣ್ಣ ಮಿಣುಕದಂತೆ ತಡೆಯುವ ಟ್ರೋಲಾಕ್ಸ್ 2 ಮಿಲಿಮೋಲಾರ್ ಇದೆ. ಆ ಟ್ರೋಲಾಕ್ಸ್ ಶೇ 99 ಅಲ್ಲ, ಶೇ 99.9999 ಶುದ್ಧ ಎಂದೇ ಇಟ್ಟುಕೊಳ್ಳಿ. ಆಗಲೂ ಹತ್ತು ಲಕ್ಷಕ್ಕೊಂದು ಅಣು ಬೇರೆಯದು. ಅಂದರೆ 2 ನ್ಯಾನೊಮೋಲಾರ್ (2000 ಪಿಕೊಮೋಲಾರ್) ಕಲ್ಮಶ, ನಿಮ್ಮ ಡಿಎನ್‌ಎಗಿಂತ ನೂರು ಪಟ್ಟು. ಅದರಲ್ಲಿ ಬಹುಪಾಲು ಬೆಳಗುವುದಿಲ್ಲ, ಗಾಜಿಗೆ ಅಂಟುವುದೂ ಇಲ್ಲ. ನಾವು ಬದುಕಿರುವುದು ಆ ಪುಣ್ಯದಿಂದ. ಬೆಳಗುವ, ಅಂಟುವ ಒಂದಂಶ ಅದರಲ್ಲಿದ್ದರೆ ಸಾಕು, ಫೀಲ್ಡ್ ತುಂಬಿಬಿಡುತ್ತದೆ.

ಬಾಟಲಿಯ ಚೀಟಿಯಲ್ಲಿ ಸುಳ್ಳೇನೂ ಇಲ್ಲ. ಅದು ಉತ್ತರಿಸುವ ಪ್ರಶ್ನೆಯೇ ಬೇರೆ. ತಯಾರಕರು ತೂಕದಲ್ಲಿ ಎಷ್ಟು ಪಾಲು ಆ ರಾಸಾಯನಿಕ ಎಂದು ಅಳೆದಿದ್ದಾರೆ. 532 ನ್ಯಾನೊಮೀಟರ್ ಲೇಸರಿನಲ್ಲಿ ಎಷ್ಟು ಬೆಳಗುತ್ತದೆ ಎಂದು ಯಾರೂ ಅಳೆದಿಲ್ಲ. ಆದ್ದರಿಂದ ‘ಮಾಲಿಕ್ಯುಲರ್ ಬಯಾಲಜಿ ಗ್ರೇಡ್’ ಎಂಬ ಮಾತನ್ನು ನ್ಯೂಕ್ಲಿಯೇಸ್ (ಡಿಎನ್‌ಎ ಕತ್ತರಿಸುವ ಕಿಣ್ವ) ವಿಷಯಕ್ಕೆ ನಂಬಿ, ಬೆಳಕಿನ ವಿಷಯಕ್ಕೆ ನಂಬಬೇಡಿ. ಎರಡು ಗ್ರೇಡ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಕಡಿಮೆ ಬೆಲೆಯದೇ ಕತ್ತಲಾಗಿರುವುದೂ ಉಂಟು.

ಪ್ರಶ್ನೆ: ಬಫರಿನಲ್ಲಿ ಏಳೆಂಟು ಪದಾರ್ಥಗಳಿವೆ. ತಪ್ಪಿತಸ್ಥ ಯಾವುದೆಂದು ಹಿಡಿಯುವ ಕ್ರಮ ಯಾವುದು?

ಎಲ್ಲ ಬೆರೆಸಿಟ್ಟು ಒಂದೊಂದನ್ನೇ ಬಿಡುತ್ತ ಹೋಗುವವರು ಬಹಳ. ನಮ್ಮ ಸಲಹೆ ಅದಕ್ಕೆ ತದ್ವಿರುದ್ಧ: ನೀರಿನಿಂದ ಶುರುಮಾಡಿ, ಒಂದೊಂದನ್ನೇ ಸೇರಿಸುತ್ತ ಬನ್ನಿ. ಎರಡು ಬಾಟಲಿ ಕೆಟ್ಟಿದ್ದರೆ ಮೊದಲ ವಿಧಾನ ದಾರಿ ತಪ್ಪಿಸುತ್ತದೆ, ಏಕೆಂದರೆ ಒಂದನ್ನು ತೆಗೆದರೂ ಇನ್ನೊಂದು ಫೀಲ್ಡನ್ನು ತುಂಬಿಯೇ ಇರುತ್ತದೆ.

ಒಂದೇ ದಿನ ಪೆಗ್ (ಬೇಡದ್ದು ಗಾಜಿಗೆ ಅಂಟದಂತೆ ತಡೆಯುವ ಪಾಲಿಮರ್) ಹಚ್ಚಿದ ಸ್ಲೈಡುಗಳನ್ನು ತೆಗೆದುಕೊಳ್ಳಿ. ಚೇಂಬರಿಗೆ ನೀರು ಬಿಟ್ಟು ಫೋಕಸ್ ಮಾಡಿ, ನೀವು ದಿನವೂ ಬಳಸುವ ಲೇಸರ್ ಶಕ್ತಿ, 100 ಮಿಲಿಸೆಕೆಂಡ್ ಎಕ್ಸ್‌ಪೋಶರ್, ಅದೇ ಗೇನ್ ಇಟ್ಟು ಹತ್ತು ಫೀಲ್ಡ್ ಎಣಿಸಿ. ಇದು ಗಾಜಿನ ಸ್ವಂತ ಚುಕ್ಕೆಗಳ ಲೆಕ್ಕ. ಆಮೇಲೆ ಒಂದು ಫೀಲ್ಡಿನಲ್ಲಿ ನಿಂತು ಲೇಸರನ್ನು ಪೂರ್ತಿ ಏರಿಸಿ, ಎಲ್ಲ ಆರುವ ತನಕ ಎರಡರಿಂದ ಐದು ನಿಮಿಷ ಸುಡಿ. ಶಟರ್ ಮುಚ್ಚಿ ಐದು ನಿಮಿಷ ಬಿಟ್ಟು ಮತ್ತೆ ನೋಡಿ. ತಾತ್ಕಾಲಿಕವಾಗಿ ಕತ್ತಲಾಗಿದ್ದ ಕೆಲವು ಮರಳಿ ಬರುತ್ತವೆ, ಆ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಿ. ಈಗ ಸ್ಟೇಜ್ ಅಲುಗಿಸದೆ, ಪರೀಕ್ಷಿಸಬೇಕಾದ ರಾಸಾಯನಿಕವನ್ನು (ರೀಏಜೆಂಟ್) ಚೇಂಬರಿನ ಮೂರು ನಾಲ್ಕು ಪಟ್ಟು ಬಿಡಿ. 20 ಮೈಕ್ರೊಲೀಟರ್ ಚೇಂಬರಿಗೆ 60ರಿಂದ 80 ಮೈಕ್ರೊಲೀಟರ್. ಕತ್ತಲಲ್ಲಿ ಐದು ನಿಮಿಷ ಕಾದು ಒಂದು ಸಣ್ಣ ಮೂವಿ ತೆಗೆಯಿರಿ. ಆಮೇಲೆ 200 ಮೈಕ್ರೊಲೀಟರ್ ನೀರಿನಿಂದ ತೊಳೆದು ಇನ್ನೊಂದು ತೆಗೆಯಿರಿ.

ಎರಡನೆಯ ಮೂವಿಯ ಬೆಲೆ ಹೆಚ್ಚು. ರೀಏಜೆಂಟ್ ಒಳಗಿರುವಾಗ ಇಡೀ ಫೀಲ್ಡ್ ಮಬ್ಬಾಗಿ, ತೊಳೆದೊಡನೆ ಸ್ವಚ್ಛವಾದರೆ ಬೆಳಗುವ ವಸ್ತು ದ್ರಾವಣದಲ್ಲಿ ಕರಗಿತ್ತು, ಗಾಜಿಗೆ ಅಂಟಲಿಲ್ಲ. ಇದರಿಂದ ಸಿಗ್ನಲ್ ಮತ್ತು ಹಿನ್ನೆಲೆಯ ಅನುಪಾತ ಕೆಡುತ್ತದೆ, ಸುಳ್ಳು ಅಣುಗಳೇನೂ ಹುಟ್ಟುವುದಿಲ್ಲ. ತೊಳೆದ ಮೇಲೂ ಹೊಸ ಚುಕ್ಕೆ ಉಳಿದರೆ ಅದೇ ಅಪಾಯ, ಅವನ್ನು ನಿಮ್ಮ ಸಾಫ್ಟ್‌ವೇರ್ ಡಿಎನ್‌ಎ ಎಂದೇ ಎಣಿಸುತ್ತದೆ. ಫೀಲ್ಡನ್ನು ಮೊದಲೇ ಸುಟ್ಟಿರುವುದರಿಂದ ಹೊಸದು ಬಂದದ್ದು ಬಾಟಲಿಯಿಂದಲೇ ಎಂದು ಧೈರ್ಯವಾಗಿ ಹೇಳಬಹುದು.

ಸೇರಿಸುವ ಸರದಿ ಹೀಗಿರಲಿ: ನೀರು, ಟ್ರಿಸ್ (ಪಿಎಚ್ ಕಾಯುವ ಬಫರ್), ಉಪ್ಪು, ಮೆಗ್ನೀಸಿಯಂ ಕ್ಲೋರೈಡ್, ಗ್ಲೂಕೋಸ್, ಟ್ರೋಲಾಕ್ಸ್, ಬಿಎಸ್‌ಎ (ದನದ ರಕ್ತದ ಪ್ರೋಟೀನು), ನ್ಯೂಟ್ರಾವಿಡಿನ್ (ಡಿಎನ್‌ಎಯನ್ನು ಗಾಜಿಗೆ ಹಿಡಿದಿಡುವ ಪ್ರೋಟೀನು), ಕೊನೆಗೆ ಆಮ್ಲಜನಕ ಹೀರುವ ಕಿಣ್ವಗಳು. ಸುಲಭವಾಗಿ ಕರಗುವವನ್ನು ಬಳಕೆಯ ಐದು ಪಟ್ಟು ಗಾಢತೆಯಲ್ಲಿ ಪರೀಕ್ಷಿಸಿ, ಸಣ್ಣ ದೋಷವೂ ಎದ್ದು ಕಾಣುತ್ತದೆ. ಪ್ರೋಟೀನುಗಳ ಮೇಲೆ ಹೆಚ್ಚು ಅನುಮಾನವಿರಲಿ. 1 ಮಿಲಿಗ್ರಾಂ/ಮಿಲಿಲೀಟರ್ ಬಿಎಸ್‌ಎ ಎಂದರೆ ಸುಮಾರು 15 ಮೈಕ್ರೊಮೋಲಾರ್, ಅದರ ಮೈಗೆ ಸಣ್ಣಪುಟ್ಟ ಅಣುಗಳು ಅಂಟಿಕೊಳ್ಳುವುದು ಅದರ ಸ್ವಭಾವ. ಆ ಕಿಣ್ವಗಳಲ್ಲೊಂದಾದ ಗ್ಲೂಕೋಸ್ ಆಕ್ಸಿಡೇಸ್, ತಾನಾಗಿ ಬೆಳಗುವ ಫ್ಲೇವಿನ್ ಎಂಬ ಅಣುವನ್ನು ಹೊತ್ತಿರುತ್ತದೆ. 488 ನ್ಯಾನೊಮೀಟರಿನಲ್ಲಿ ಹಸಿರು ಮಬ್ಬು ಕಂಡರೆ ಮೊದಲು ಅದರ ಕಡೆ ನೋಡಿ. 640ರಲ್ಲಿ ಅದೇ ಬಫರ್ ಸಾಮಾನ್ಯವಾಗಿ ಕತ್ತಲೆಯಾಗಿರುತ್ತದೆ. ಬಣ್ಣ ಆಯ್ಕೆ ಮಾಡುವ ಸ್ವಾತಂತ್ರ್ಯವಿದ್ದರೆ ಕೆಂಪು ಕಡೆ ಸರಿಯುವುದೇ ಅರ್ಧ ಶುದ್ಧೀಕರಣ.

ಎಣಿಕೆಯ ಬಗ್ಗೆ ಒಂದು ಮಾತು. ಒಂದು ಫೀಲ್ಡಿನಲ್ಲಿ 8, ಇನ್ನೊಂದರಲ್ಲಿ 12 ಕಂಡರೆ ಏನೂ ಹೇಳಲಾಗದು, ಎರಡರಲ್ಲೂ ಮೂರು ಮೂರೂವರೆ ಆಚೀಚೆ ಆಗುವುದು ಸಹಜ. ಹತ್ತು ಫೀಲ್ಡ್ ಸೇರಿಸಿದಾಗ 80 ಮತ್ತು 120 ಬಂದರೆ ವ್ಯತ್ಯಾಸ 40, ಅದರ ಅನಿಶ್ಚಿತತೆ ಸುಮಾರು 14. ಆಗ ಬಾಟಲಿಯನ್ನು ಶಂಕಿಸಲು ಕಾರಣವಿದೆ. ನೆನಪಿರಲಿ, ಸುಟ್ಟ ಫೀಲ್ಡ್ ಒಂದೇ ಇರುವುದರಿಂದ ಸುಡದ ಹತ್ತು ಫೀಲ್ಡುಗಳ ಎಣಿಕೆಯೂ ಜೊತೆಗೆ ಬೇಕು.

ಬಾಟಲಿಗಳೆಲ್ಲ ಸ್ವಚ್ಛ ಬಂದರೆ ಚೇಂಬರನ್ನು ನೋಡಿ. ಅಂಚಿಗೆ ಹಚ್ಚುವ ಎಪಾಕ್ಸಿ ಬೆಳಗುತ್ತದೆ. ಸ್ಲೈಡ್ ಮೇಲೆ ಗುರುತು ಹಾಕಿದ ಮಾರ್ಕರ್ ಶಾಯಿ ಮೆಥನಾಲಿನಲ್ಲಿ ಕರಗಿ, ಒಂದೇ ಜಾರಿನಲ್ಲಿರುವ ಎಲ್ಲ ಗಾಜಿಗೂ ಹರಡುತ್ತದೆ. ವಜ್ರದ ಮೊನೆಯಿಂದ ಗೀರುವುದೇ ವಾಸಿ.

ಪ್ರಶ್ನೆ: ನಮ್ಮ ನೀರಿನ ಯಂತ್ರ 18.2 ಎಂದು ತೋರಿಸುತ್ತಿದೆ. ಹಾಗಾದರೆ ನೀರನ್ನು ಪರೀಕ್ಷೆಯಿಂದ ಬಿಡಬಹುದಲ್ಲವೇ?

ಬಿಡಬೇಡಿ. 18.2 ಮೆಗಾಓಮ್ ಸೆಂಟಿಮೀಟರ್ ಎಂಬುದು ಅಯಾನುಗಳಿಲ್ಲ ಎನ್ನುತ್ತದೆ, ಅಷ್ಟೇ. ಬೆಳಗುವ ಸಾವಯವ ಅಣುಗಳಲ್ಲಿ ಎಷ್ಟೋ ವಿದ್ಯುದಂಶವಿಲ್ಲದವು, ಆ ಮೀಟರಿಗೆ ಕಾಣುವುದೇ ಇಲ್ಲ. ಯಂತ್ರದಲ್ಲಿ ಒಟ್ಟು ಸಾವಯವ ಇಂಗಾಲದ ಅಳತೆ ಇದ್ದರೆ ಅದನ್ನು ನೋಡಿ, 5 ಪಿಪಿಬಿಗಿಂತ ಕೆಳಗಿರಲಿ. ಕ್ಯಾನಿನಲ್ಲಿ ಹಿಡಿದಿಟ್ಟ ನೀರು ಬೇಡ. ಮೊದಲ ಒಂದೆರಡು ಲೀಟರ್ ಹರಿಯಬಿಟ್ಟು, ಮೆಥನಾಲಿನಿಂದ ತೊಳೆದ ಗಾಜಿನ ಬಾಟಲಿಗೆ ನೇರವಾಗಿ ಹಿಡಿಯಿರಿ. ಆಟೋಕ್ಲೇವ್ ಜೀವಿಗಳನ್ನು ಕೊಲ್ಲುತ್ತದೆ, ಬೆಳಗುವ ಕಲ್ಮಶವನ್ನು ತೆಗೆಯುವುದಿಲ್ಲ.

0.2 ಮೈಕ್ರೊಮೀಟರ್ ಫಿಲ್ಟರ್ ಕೂಡ ಕಣಗಳಿಗೆ ಮಾತ್ರ, ಕರಗಿದ್ದು ಸರಾಗ ದಾಟಿಹೋಗುತ್ತದೆ. ಅದರ ಮೇಲೆ ಪೊರೆಗೆ ಸವರಿದ ಪದಾರ್ಥ ಮೊದಲ ಹನಿಗಳಲ್ಲಿ ಇಳಿದು ಬರಬಹುದು, ಹಾಗಾಗಿ ಮೊದಲ 5 ಮಿಲಿಲೀಟರ್ ಚೆಲ್ಲಿ.

ಪ್ರಶ್ನೆ: ಪ್ರತಿ ಬಫರನ್ನೂ ಸ್ಪೆಕ್ಟ್ರೊಫ್ಲೋರಿಮೀಟರಿನಲ್ಲಿ (ಯಾವ ತರಂಗಾಂತರದಲ್ಲಿ ಎಷ್ಟು ಬೆಳಗುತ್ತದೆ ಎಂದು ಅಳೆಯುವ ಯಂತ್ರ) 532ರಲ್ಲಿ ಉದ್ದೀಪಿಸಿ ನೋಡಿದೆವು. ಎಲ್ಲದರಲ್ಲೂ 650 ನ್ಯಾನೊಮೀಟರ್ ಹತ್ತಿರ ಒಂದು ಉಬ್ಬು. ಕೆಂಪು ಕಡೆ ಬೆಳಗುವ ಸೈ-5 ಬಣ್ಣ ಎಲ್ಲಿಂದಲೋ ಸೇರಿಕೊಂಡಿದೆಯೇ?

ಸೈ-5 ಅಲ್ಲ, ನೀರೇ. ನೀರಿನ ಅಣುವಿನ ಓ-ಎಚ್ ಬಂಧ ಕಂಪಿಸುವುದರಿಂದ ಚದುರಿದ ಬೆಳಕಿನಲ್ಲಿ ಒಂದು ಪಾಲು ಸುಮಾರು 3400 ಪ್ರತಿ ಸೆಂಟಿಮೀಟರಿನಷ್ಟು ಶಕ್ತಿ ಕಳೆದುಕೊಂಡು ಹೊರಬರುತ್ತದೆ. ಇದೇ ರಾಮನ್ ಚದುರಿಕೆ. 532ರಿಂದ ಹೊರಟರೆ ಅದು ಸರಿಯಾಗಿ 650ರ ಹತ್ತಿರ ಬೀಳುತ್ತದೆ, 488ರಿಂದ ಹೊರಟರೆ 585ರ ಹತ್ತಿರ. ಗುರುತಿಸುವುದು ಸುಲಭ: ಉದ್ದೀಪನವನ್ನು 532ರಿಂದ 520ಕ್ಕೆ ಸರಿಸಿ. ರಾಮನ್ ಉಬ್ಬು ತಾನೂ 632ರ ಹತ್ತಿರಕ್ಕೆ ಸರಿಯುತ್ತದೆ. ನಿಜವಾದ ಬಣ್ಣದ್ದಾದರೆ ಶಿಖರ ಇದ್ದಲ್ಲೇ ನಿಂತು ಎತ್ತರ ಮಾತ್ರ ಬದಲಾಗುತ್ತದೆ.

ಆ ಉಬ್ಬನ್ನು ಬೈಯದೆ ಬಳಸಿಕೊಳ್ಳಿ. ಅದರ ಎತ್ತರ ನೀರಿಗೆ ಸೇರಿದ್ದು, ದೀಪ ಮತ್ತು ಸ್ಲಿಟ್ ಬದಲಾಗದಿದ್ದರೆ ಅದೂ ಬದಲಾಗದು. ಬಫರಿನ ಹೊಳಪನ್ನು ರಾಮನ್ ಎತ್ತರದಿಂದ ಭಾಗಿಸಿ ಬರೆದಿಟ್ಟರೆ ಇವತ್ತಿನ ಲಾಟನ್ನೂ (ಒಂದೇ ಸಲಕ್ಕೆ ತಯಾರಾದ ಕಂತು) ಮುಂದಿನ ವರ್ಷದ ಲಾಟನ್ನೂ ಹೋಲಿಸಬಹುದು. ಆದರೆ ಈ ಯಂತ್ರದ ಕ್ಯುವೆಟ್ (ದ್ರಾವಣ ತುಂಬುವ ಪುಟ್ಟ ಪಾತ್ರೆ) ಪರೀಕ್ಷೆಯಲ್ಲಿ ಪಾಸಾದ ಬಾಟಲಿ ಮೈಕ್ರೊಸ್ಕೋಪಿನಲ್ಲಿ ಫೇಲಾಗಬಹುದು. ಕೆಲವೇ ಪಿಕೊಮೋಲಾರ್ ಕಲ್ಮಶ ಕ್ಯುವೆಟ್ಟಿನಲ್ಲಿ ರಾಮನ್ ಕೆಳಗೆ ಮುಳುಗಿಹೋಗುತ್ತದೆ, ಗಾಜಿನ ಮೇಲೆ ಅದೇ ಕಲ್ಮಶ ಅಂಟಿ ಅಂಟಿ ಒಟ್ಟುಗೂಡುತ್ತದೆ. ಕೆಟ್ಟದ್ದನ್ನು ಬೇಗ ತಳ್ಳಿಹಾಕಲು ಕ್ಯುವೆಟ್ ಸಾಕು, ಒಳ್ಳೆಯದೆಂದು ಒಪ್ಪಲು ಸಾಲದು.

ಪ್ರಶ್ನೆ: ಯೋಯೋ-1 ಬಣ್ಣ ಹಚ್ಚಿದ ಲ್ಯಾಂಬ್ಡಾ ಡಿಎನ್‌ಎಯನ್ನು (ಒಂದು ವೈರಸ್ಸಿನ ಉದ್ದ ಡಿಎನ್‌ಎ) ಹರಿವಿನಲ್ಲಿ ಚಾಚಿ ನೋಡುತ್ತೇವೆ. ಆಮ್ಲಜನಕ ಹೀರುವ ಕಿಣ್ವಗಳನ್ನು ಹೊಸ ಲಾಟಿನಿಂದ ಹಾಕಿದಾಗಿನಿಂದ ಎಳೆಗಳು ಪಟಪಟನೆ ತುಂಡಾಗುತ್ತಿವೆ. ಲೇಸರ್ ಕಡಿಮೆ ಮಾಡಿದರೂ ಅಷ್ಟೇ.

ಲೇಸರಿನಿಂದ ಆಗುವ ತುಂಡಾಗುವಿಕೆ ಬೆಳಕಿನ ಜೊತೆ ಹೆಚ್ಚುಕಡಿಮೆಯಾಗಬೇಕು. ಆಗುತ್ತಿಲ್ಲ ಎಂದರೆ ನ್ಯೂಕ್ಲಿಯೇಸ್ ಬೆರಕೆಯ ಅನುಮಾನ ಬಲವಾಗುತ್ತದೆ. ಗ್ಲೂಕೋಸ್ ಆಕ್ಸಿಡೇಸ್ ಶಿಲೀಂಧ್ರದಿಂದ, ಕ್ಯಾಟಲೇಸ್ ಹೆಚ್ಚಾಗಿ ದನದ ಯಕೃತ್ತಿನಿಂದ ಬರುತ್ತದೆ. ಎರಡೂ ಮೂಲಗಳಲ್ಲಿ ಡಿಎನ್‌ಎ ಕತ್ತರಿಸುವ ಕಿಣ್ವಗಳು ಹೇರಳ. ಬ್ಯಾಕ್ಟೀರಿಯಾದಿಂದ ತೆಗೆದ, ಆಮ್ಲಜನಕ ಹೀರುವ ಇನ್ನೊಂದು ಕಿಣ್ವವಾದ ಪಿಸಿಡಿಗೂ ಇದೇ ಮಾತು. ತಯಾರಕರು ಕಿಣ್ವದ ಯೂನಿಟ್ ಬರೆಯುತ್ತಾರೆ, ಜೊತೆಗೆ ಬಂದ ನೆಂಟರ ಹೆಸರು ಬರೆಯುವುದಿಲ್ಲ.

ಪರೀಕ್ಷೆ ಜೆಲ್ ಮೇಲೆ. ಪಿಯುಸಿ19ರಂಥ ಸೂಪರ್‌ಕಾಯಿಲ್ಡ್ (ಹುರಿಗೊಂಡ) ಪ್ಲಾಸ್ಮಿಡ್, ಎಂದರೆ ಪುಟ್ಟ ಉಂಗುರದಂಥ ಡಿಎನ್‌ಎ, 500 ನ್ಯಾನೊಗ್ರಾಂ, ನಿಮ್ಮ ಪ್ರಯೋಗದ ಬಫರ್, 10 ಮಿಲಿಮೋಲಾರ್ ಮೆಗ್ನೀಸಿಯಂ, ಬಳಕೆಯ ಗಾಢತೆಯಲ್ಲಿ ಒಂದೇ ಒಂದು ಕಿಣ್ವ, ಒಟ್ಟು 20 ಮೈಕ್ರೊಲೀಟರ್. 37 ಡಿಗ್ರಿಯಲ್ಲಿಟ್ಟು ಸೊನ್ನೆ, ಒಂದು, ನಾಲ್ಕು ಗಂಟೆಗೆ ತೆಗೆದು, ಇಡಿಟಿಎ (ಮೆಗ್ನೀಸಿಯಂ ಹಿಡಿದಿಡುವಂಥದು) ಮತ್ತು ಎಸ್‌ಡಿಎಸ್ (ಪ್ರೋಟೀನನ್ನು ಬಿಡಿಸುವ ಮಾರ್ಜಕ) ಹಾಕಿ ಕ್ರಿಯೆ ನಿಲ್ಲಿಸಿ. ಎಸ್‌ಡಿಎಸ್ ಹಾಕದಿದ್ದರೆ ಪ್ರೋಟೀನು ಡಿಎನ್‌ಎಗೆ ಅಂಟಿ ಪಟ್ಟಿ ಬಾವಿಯಲ್ಲೇ ಉಳಿದು ಗೊಂದಲವಾಗುತ್ತದೆ. ಶೇ 1 ಅಗರೋಸ್ ಮೇಲೆ ಓಡಿಸಿ. ಸೂಪರ್‌ಕಾಯಿಲ್ಡ್ ಪಟ್ಟಿ ಮುಂದೆ, ಒಂದು ಎಳೆಯಲ್ಲಿ ಸೀಳು ಬಿದ್ದದ್ದು ಹಿಂದೆ, ಎರಡೂ ಎಳೆ ಕಡಿದು ನೇರವಾದದ್ದು ಸಾಮಾನ್ಯವಾಗಿ ನಡುವೆ. ಕಿಣ್ವವಿಲ್ಲದ ಟ್ಯೂಬ್ ಒಂದು, ಮೆಗ್ನೀಸಿಯಂ ಬದಲು ಇಡಿಟಿಎ ಹಾಕಿದ ಟ್ಯೂಬ್ ಒಂದು ಜೊತೆಗಿರಲೇಬೇಕು. ಇಡಿಟಿಎ ಇದ್ದಾಗ ಕತ್ತರಿಸುವುದು ನಿಂತರೆ ಮೆಗ್ನೀಸಿಯಂ ಬೇಡುವ ನ್ಯೂಕ್ಲಿಯೇಸ್ ಎಂದು ತಿಳಿಯಿರಿ.

ಜೆಲ್ ನೋಡಿ ‘ಸ್ವಲ್ಪ ಸೀಳಿದೆ, ಪರವಾಗಿಲ್ಲ’ ಎಂದುಕೊಳ್ಳುವವರೇ ಹೆಚ್ಚು. ಹಾಗೆನ್ನುವಂತಿಲ್ಲ. ಪಿಯುಸಿ19 ಉದ್ದ 2686 ಬೇಸ್ ಜೋಡಿ, ಲ್ಯಾಂಬ್ಡಾ 48,502. ಹದಿನೆಂಟು ಪಟ್ಟು. ಕಿಣ್ವವಿಲ್ಲದ ಟ್ಯೂಬಿನ ಸೀಳನ್ನು ಕಳೆದ ಮೇಲೆ ಪ್ಲಾಸ್ಮಿಡ್‌ನಲ್ಲಿ ಶೇ 5 ಮಾತ್ರ ಹೊಸದಾಗಿ ಸೀಳಿದ್ದರೂ, ಅಷ್ಟೇ ಹೊತ್ತಿನಲ್ಲಿ ಲ್ಯಾಂಬ್ಡಾ ಅಣುವೊಂದಕ್ಕೆ ಸರಾಸರಿ 0.9 ಸೀಳು. ಅಂದರೆ ನೂರರಲ್ಲಿ ನಲವತ್ತು ಅಣು ಮಾತ್ರ ಅಖಂಡ. ಮೊದಲೇ ಸೀಳಿರುವ ಜಾಗದ ಎದುರಿನ ಎಳೆಗೆ ಬೆಳಕಿನ ಪೆಟ್ಟು ಬಿದ್ದರೆ, ಹರಿವಿನಲ್ಲಿ ಚಾಚಿರುವ ಡಿಎನ್‌ಎ ಅಲ್ಲೇ ಕಡಿಯುತ್ತದೆ.

ಸೀಳು ಕಂಡರೂ ನ್ಯೂಕ್ಲಿಯೇಸ್ ಅಲ್ಲದ ಒಂದು ಸಾಧ್ಯತೆ ಇದೆ. ಡಿಟಿಟಿಯಂಥ ಅಪಕರ್ಷಕದ ಜೊತೆ ಕಬ್ಬಿಣ ಅಥವಾ ತಾಮ್ರದ ಕುರುಹು ಸೇರಿದರೆ ಹೈಡ್ರಾಕ್ಸಿಲ್ ರ್‍ಯಾಡಿಕಲ್ ಹುಟ್ಟಿ ಡಿಎನ್‌ಎ ಸೀಳುತ್ತದೆ. ಕಿಣ್ವವಿಲ್ಲದೆ, ಡಿಟಿಟಿ ಮತ್ತು ಬಫರ್ ಮಾತ್ರ ಹಾಕಿದ ಟ್ಯೂಬಿನಲ್ಲೂ ಸೀಳು ಬಂದರೆ ದೋಷ ಲೋಹದ್ದು. ಮೆಗ್ನೀಸಿಯಂ ಸೇರಿಸುವ ಮೊದಲು ಬಫರನ್ನು ಲೋಹ ಹಿಡಿದಿಡುವ (ಕೀಲೇಟಿಂಗ್) ರಾಳದ ಮೂಲಕ ಹಾಯಿಸಿ.

ಕಿಣ್ವದ್ದೇ ಎಂದಾದರೆ ಲಾಟ್ ಬದಲಿಸುವುದು ನೇರ ಉಪಾಯ. ಇಲ್ಲವೇ ಜೆಲ್ ಫಿಲ್ಟ್ರೇಶನ್ ಕಾಲಮ್ಮಿನಲ್ಲಿ ಓಡಿಸಿ, ಪ್ರತಿ ಫ್ರಾಕ್ಷನ್ನನ್ನೂ ಪ್ಲಾಸ್ಮಿಡ್ ಮೇಲೆ ಪರೀಕ್ಷಿಸಿ, ಚೊಕ್ಕಟವಾದವನ್ನು ಮಾತ್ರ ಸೇರಿಸಿ. ಕ್ಯಾಟಲೇಸ್ ಹರಳಿನ ಸಸ್ಪೆನ್ಶನ್ ರೂಪದಲ್ಲಿ ಬಂದಿದ್ದರೆ, ಬಫರಿನಲ್ಲಿ ಕರಗಿಸಿದ ಮೇಲೆ ಸೆಂಟ್ರಿಫ್ಯೂಜ್ ಮಾಡಿ ಮೇಲಿನ ತಿಳಿಯನ್ನೇ ಬಳಸಿ. ತಳದ ಗಸಿ ಒಂದಿಷ್ಟು ಬಂದರೂ ಅದು ಹೊಳೆಯುವ ಉಂಡೆಗಳಾಗಿ ಕಾಣುತ್ತದೆ. ಗ್ಲೂಕೋಸ್ ಆಕ್ಸಿಡೇಸ್ ಕೆಲಸ ಮಾಡಿದಷ್ಟೂ ಗ್ಲೂಕೋನಿಕ್ ಆಮ್ಲ ಬರುತ್ತದೆ. ತೆರೆದ ಚೇಂಬರಿನಲ್ಲಿ, 10 ಮಿಲಿಮೋಲಾರ್ ಟ್ರಿಸ್ಸಿನಲ್ಲಿ ಪಿಎಚ್ ಇಳಿಯುತ್ತಲೇ ಇರುತ್ತದೆ. ಹೊತ್ತು ಹೋದಂತೆ ನಿಮ್ಮ ಪ್ರೋಟೀನಿನ ವರ್ತನೆ ಬದಲಾದರೆ ಬೆರಕೆಯನ್ನು ಹುಡುಕುವ ಮೊದಲು ಪಿಎಚ್ ಕಾಗದ ಅದ್ದಿ ನೋಡಿ.

ಪ್ರಶ್ನೆ: ಟ್ರೋಲಾಕ್ಸ್ ಹೊಸ ಬಾಟಲಿ ತಂದು, ಆಗಷ್ಟೇ ಕರಗಿಸಿ ಬಳಸಿದೆವು. ಸೈ-5 ಮಿಣುಕುವುದು ಹೆಚ್ಚಾಯಿತು! ಬಾಟಲಿ ನಕಲಿಯೇ?

ಬಹುಶಃ ತೀರಾ ಅಸಲಿ. ಮಿಣುಕನ್ನು ತಡೆಯುವ ಕೆಲಸವನ್ನು ಟ್ರೋಲಾಕ್ಸ್ ಒಂದೇ ಮಾಡುವುದಿಲ್ಲ. ಅದು ಗಾಳಿಯಲ್ಲಿ ಉತ್ಕರ್ಷಿಸಿ ಹುಟ್ಟುವ ಕ್ವಿನೋನ್ ಕೂಡ ಬೇಕು. ಒಂದು ಎಲೆಕ್ಟ್ರಾನ್ ಕೊಡುತ್ತದೆ, ಇನ್ನೊಂದು ತೆಗೆದುಕೊಳ್ಳುತ್ತದೆ, ಬಣ್ಣ ಬೆಳಗದೆ ಸಿಕ್ಕಿಕೊಳ್ಳುವ ಟ್ರಿಪ್ಲೆಟ್ ಸ್ಥಿತಿಯಿಂದ ಬೇಗ ಬಿಡಿಸಿಕೊಳ್ಳುತ್ತದೆ. ಹೊಚ್ಚ ಹೊಸ ದ್ರಾವಣದಲ್ಲಿ ಕ್ವಿನೋನ್ ಇಲ್ಲ. ಗಾಳಿಯಾಡುವಂತೆ, ಬೆಳಕಿನಡಿ ಒಂದು ರಾತ್ರಿ ತಿರುಗಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಯುವಿ ಸ್ಪೆಕ್ಟ್ರಮ್ ತೆಗೆದರೆ 290ರ ಹತ್ತಿರದ ಟ್ರೋಲಾಕ್ಸ್ ಶಿಖರ ತಗ್ಗಿ, 260ರ ಆಸುಪಾಸಿನಲ್ಲಿ ಕ್ವಿನೋನ್ ಏರುವುದು ಕಾಣುತ್ತದೆ. ನಿಮಗೆ ಚೆನ್ನಾಗಿ ಕೆಲಸ ಮಾಡಿದ ದ್ರಾವಣದ ಸ್ಪೆಕ್ಟ್ರಮ್ಮನ್ನು ಇಟ್ಟುಕೊಂಡು ಹೊಸದನ್ನು ಅದಕ್ಕೆ ಹೊಂದಿಸಿ.

ಇನ್ನೊಂದು ಮೋಸ: ಟ್ರೋಲಾಕ್ಸ್ ನೀರಿನಲ್ಲಿ ಕರಗುವುದೇ ಕಷ್ಟ. 2 ಮಿಲಿಮೋಲಾರ್ ಎಂದರೆ ಮಿಲಿಲೀಟರಿಗೆ ಅರ್ಧ ಮಿಲಿಗ್ರಾಂ, ಅದೇ ಹೆಚ್ಚುಕಡಿಮೆ ಗರಿಷ್ಠ ಮಿತಿ. ಸೋಡಿಯಂ ಹೈಡ್ರಾಕ್ಸೈಡ್ ಹನಿ ಹಾಕದೆ ಫಿಲ್ಟರ್ ಮಾಡಿದರೆ ಕರಗದ್ದು ಪೊರೆಯ ಮೇಲೆ ಉಳಿದು, ಟ್ಯೂಬಿನ ಮೇಲೆ 2 ಎಂದು ಬರೆದಿದ್ದರೂ ಒಳಗೆ ಒಂದೂ ಇರದು.

ಪ್ರಶ್ನೆ: ಸೈ-5 ಹಚ್ಚಿದ ಆಲಿಗೊ (ಡಿಎನ್‌ಎಯ ಸಣ್ಣ ಎಳೆ) ಎಚ್‌ಪಿಎಲ್‌ಸಿ ಎಂಬ ಬೇರ್ಪಡಿಸುವ ವಿಧಾನದಿಂದ ಶುದ್ಧ ಎಂದು ಬಂದಿದೆ. ಬಿಡಿ ಬಣ್ಣ ಇದೆಯೇ ಎಂದು ತಿಳಿಯುವುದು ಹೇಗೆ?

ಹೀರಿಕೆಯ ಅಳತೆ ಮೊದಲು. ಐವತ್ತು ಬೇಸಿನ ಆಲಿಗೊ, ಚೀಟಿಯ ಪ್ರಕಾರ 260 ನ್ಯಾನೊಮೀಟರಿನಲ್ಲಿ ಅದರ ಹೀರಿಕೆಯ ಗುಣಾಂಕ (ಒಂದು ಮೋಲಾರ್ ದ್ರಾವಣ ಒಂದು ಸೆಂಟಿಮೀಟರಿನಲ್ಲಿ ಹೀರುವಷ್ಟು) 5,00,000 ಎಂದಿಟ್ಟುಕೊಳ್ಳಿ. ಒಂದು ಸೆಂಟಿಮೀಟರ್ ಕ್ಯುವೆಟ್ಟಿನಲ್ಲಿ 260ರಲ್ಲಿ 0.60, 650ರಲ್ಲಿ 0.25 ಬಂತು. ಸೈ-5 ಗುಣಾಂಕ 2,50,000, ಆದ್ದರಿಂದ ಬಣ್ಣ 1 ಮೈಕ್ರೊಮೋಲಾರ್. ಬಣ್ಣ 260ರಲ್ಲೂ ತನ್ನ ಶಿಖರದ ಸುಮಾರು 0.05 ಪಾಲು ಹೀರುತ್ತದೆ, ಅದನ್ನು ಕಳೆದರೆ ಉಳಿದದ್ದು 0.5875. ಡಿಎನ್‌ಎ 1.175 ಮೈಕ್ರೊಮೋಲಾರ್. ಶೇ 85 ಅಣುಗಳಿಗೆ ಬಣ್ಣವಿದೆ.

ಇದೆಯೇ? ಅಷ್ಟು ಬಣ್ಣ ಟ್ಯೂಬಿನಲ್ಲಿದೆ ಎಂದಷ್ಟೇ ಈ ಲೆಕ್ಕ ಹೇಳುತ್ತದೆ, ಎಲ್ಲವೂ ಡಿಎನ್‌ಎಗೆ ಅಂಟಿದೆ ಎಂದಲ್ಲ. ಅನುಪಾತ ಒಂದನ್ನು ದಾಟಿದರೆ ಬಿಡಿ ಬಣ್ಣ ಖಚಿತ, ದಾಟದಿದ್ದರೆ ಖಚಿತವಿಲ್ಲ. ಅದಕ್ಕೇ ಶೇ 15ರಿಂದ 20ರ ಅಕ್ರಿಲಮೈಡ್, 7 ಮೋಲಾರ್ ಯೂರಿಯಾ ಜೆಲ್ ಬೇಕು. 5 ಪಿಕೊಮೋಲ್ ಹಾಕಿ ಓಡಿಸಿ, ಯಾವ ಬಣ್ಣವನ್ನೂ ಹಚ್ಚದೆ ಸೈ-5 ಚಾನೆಲಿನಲ್ಲಿ ಸ್ಕ್ಯಾನ್ ಮಾಡಿ. ಆಲಿಗೊ ಪಟ್ಟಿಯಿಂದ ದೂರ ಇನ್ನೊಂದು ಪಟ್ಟಿ ಹೊಳೆದರೆ ಅದು ಬಿಡಿ ಬಣ್ಣ ಅಥವಾ ತುಂಡು ಆಲಿಗೊ. ಬ್ರೋಮೋಫಿನಾಲ್ ಬ್ಲೂ ಮಾತ್ರ ಅದೇ ಲೇನಿಗೆ ಹಾಕಬೇಡಿ, ಕೆಂಪು ಚಾನೆಲಿನಲ್ಲಿ ಅದೂ ಕಾಣುತ್ತದೆ. ಪಕ್ಕದ ಖಾಲಿ ಲೇನಿಗೆ ಹಾಕಿ.

ಮೈಕ್ರೊಸ್ಕೋಪಿನಲ್ಲಿ ಎರಡು ಕಂಟ್ರೋಲ್ ಸಾಕು. ನ್ಯೂಟ್ರಾವಿಡಿನ್ ಇಲ್ಲದ ಚೇಂಬರಿಗೆ ಅದೇ ಡಿಎನ್‌ಎ ಬಿಟ್ಟು ತೊಳೆಯಿರಿ, ಅಲ್ಲಿ ಉಳಿದದ್ದು ತಾನಾಗಿ ಅಂಟಿದ್ದು. ಮಾಮೂಲಿ ಎಣಿಕೆಯ ಶೇ 5 ದಾಟಿದರೆ ಪೆಗ್ ಪದರವನ್ನೂ ಬಿಡಿ ಬಣ್ಣವನ್ನೂ ಶಂಕಿಸಿ. ಆಮೇಲೆ ನ್ಯೂಟ್ರಾವಿಡಿನ್ ಇರುವಲ್ಲಿ 0, 10, 20, 40 ಪಿಕೊಮೋಲಾರ್ ಬಿಟ್ಟು ಚುಕ್ಕೆ ಎಣಿಸಿ ಗೆರೆ ಎಳೆಯಿರಿ. ಗೆರೆ ಸೊನ್ನೆಯಲ್ಲಿ ಎಷ್ಟು ಎತ್ತರಕ್ಕೆ ಮುಟ್ಟುತ್ತದೋ ಅಷ್ಟು ಗಾಜು ಮತ್ತು ಬಫರಿನ ಪಾಲು.

ಪ್ರಶ್ನೆ: ಎಲ್ಲ ಬಫರುಗಳನ್ನೂ ಸಕ್ರಿಯ ಇದ್ದಿಲಿನಿಂದ ಶುದ್ಧ ಮಾಡಬಹುದೇ?

ಟ್ರಿಸ್, ಉಪ್ಪು, ಗ್ಲೂಕೋಸ್ ದ್ರಾವಣಗಳಿಗೆ ಆಗಬಹುದು. ನೂರು ಮಿಲಿಲೀಟರಿಗೆ ಒಂದು ಗ್ರಾಂ ಹಾಕಿ ಒಂದು ಗಂಟೆ ತಿರುಗಿಸಿ, ಸೆಂಟ್ರಿಫ್ಯೂಜ್ ಮಾಡಿ, ಎರಡು ಸಲ ಫಿಲ್ಟರ್ ಮಾಡಿ. ಇದ್ದಿಲಿನ ಪುಡಿ ಉಳಿದರೆ ಅದೇ ಹೊಸ ಕಲ್ಮಶ. ಟ್ರೋಲಾಕ್ಸ್, ಪಿಸಿಎ (ಪಿಸಿಡಿ ಕಿಣ್ವದ ಆಹಾರ), ಬಣ್ಣ ಹಚ್ಚಿದ ಡಿಎನ್‌ಎಗೆ ಬೇಡವೇ ಬೇಡ, ಆರೊಮ್ಯಾಟಿಕ್ ಉಂಗುರವಿರುವುದನ್ನೆಲ್ಲ ಇದ್ದಿಲು ನುಂಗುತ್ತದೆ. ಉಪ್ಪಿನ ದ್ರಾವಣವನ್ನು ಪ್ರಖರ ಹಸಿರು ಎಲ್‌ಇಡಿ ಕೆಳಗೆ ರಾತ್ರಿಯಿಡೀ ಇಟ್ಟು ಕಲ್ಮಶವನ್ನು ಸುಡುವುದೂ ಉಂಟು. ಕಿಣ್ವಗಳನ್ನು ಹಾಗೆ ಇಡಬೇಡಿ.

ಪ್ರಶ್ನೆ: ಈ ಪರೀಕ್ಷೆಗಳನ್ನೆಲ್ಲ ಎಷ್ಟು ದಿನಕ್ಕೊಮ್ಮೆ ಮಾಡಬೇಕು?

ದಿನ ಲೆಕ್ಕ ಬೇಡ, ಲಾಟ್ ಲೆಕ್ಕ ಇರಲಿ. ಹೊಸ ಲಾಟ್ ಒಡೆದಾಗ ಚುಕ್ಕೆ ಪರೀಕ್ಷೆ, ಅದು ಕಿಣ್ವವಾದರೆ ಪ್ಲಾಸ್ಮಿಡ್ ಪರೀಕ್ಷೆಯೂ. ಪಾಸಾದ ಲಾಟನ್ನು ಸಣ್ಣ ಸಣ್ಣ ಟ್ಯೂಬುಗಳಿಗೆ ಹಂಚಿ, ಲಾಟ್ ಸಂಖ್ಯೆ ಬರೆದು, ಡೀಪ್ ಫ್ರೀಜರಿನಲ್ಲಿಡಿ. ಎನ್‌ಎಚ್‌ಎಸ್ ಎಸ್ಟರ್ (ಗಾಜಿಗೆ ಬೆಸೆಯುವ ತುದಿ) ಇರುವ ಪೆಗ್ ಬಾಟಲಿ ಕೋಣೆಯ ಬಿಸಿಗೆ ಬರುವ ಮುನ್ನ ಮುಚ್ಚಳ ತೆಗೆದರೆ ತೇವ ಒಳಗೆ ಇಳಿದು ಎಸ್ಟರ್ ಸಾಯುತ್ತದೆ. ಪೆಗ್ಗಿಗೆ ಮೊದಲು ಗಾಜಿಗೆ ಸವರುವ ಅಮಿನೊಸೈಲೇನ್ ಕದಡಿದಂತೆ ಕಂಡರೆ ಪರೀಕ್ಷೆ ಮಾಡುವ ಶ್ರಮವೂ ಬೇಡ, ತ್ಯಾಜ್ಯದ ಬಾಟಲಿಗೆ ಸುರಿಯಿರಿ. ಇವುಗಳ ಹೊರತಾಗಿ, ಪ್ರತಿ ಪ್ರಯೋಗದ ದಿನ ಡಿಎನ್‌ಎ ಇಲ್ಲದ ಒಂದು ಚೇಂಬರಿನ ಹತ್ತು ಫೀಲ್ಡನ್ನು ಡೇಟಾ ಜೊತೆಗೇ ಉಳಿಸಿ.